ಎರಡು ಮಣಿಗಳ ನಡುವಿನ ಗಂಟು

ಮುತ್ತಿನ ಸರವೊಂದನ್ನು ಕಣ್ಣ ಹತ್ತಿರ ಹಿಡಿದು ನೋಡಿ. ನುರಿತ ಕೈ ಪೋಣಿಸಿದ ಸರವಾದರೆ ಪ್ರತಿ ಎರಡು ಮುತ್ತುಗಳ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಗಂಟು ಕೂತಿರುತ್ತದೆ. ಸರ ಹರಿದರೆ ಒಂದೇ ಮುತ್ತು ಉದುರಿ ಉಳಿದವು ದಾರದಲ್ಲೇ ನಿಲ್ಲಲಿ ಎಂದು ಈ ಗಂಟು ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಹರಿದ ದಿನಕ್ಕೆ ಮಾತ್ರ ಒದಗುವ ಉಪಕಾರ. ದಿನವೂ ನಡೆಯುವ ಕೆಲಸ ಬೇರೆಯೇ ಇದೆ. ಮುತ್ತು ಮೆತ್ತನೆಯ ವಸ್ತು. ಮೋಸ್ ಗಡಸುತನದ ಅಳತೆಯಲ್ಲಿ ಅದು 2.5ರಿಂದ 4.5ರ ನಡುವೆ ಬರುತ್ತದೆ, ಸ್ಫಟಿಕ 7. ಎರಡು ಮುತ್ತುಗಳು ಮೈಗೆ ಮೈ ತಾಗಿಕೊಂಡು ವರ್ಷಗಟ್ಟಲೆ ಉಜ್ಜಾಡಿದರೆ ತೂತಿನ ಸುತ್ತಲ ಹೊಳಪಿನ ಪದರ ಸವೆದು ಎದ್ದುಹೋಗುತ್ತದೆ. ಗಂಟು ಅಲ್ಲಿ ಮೆತ್ತೆಯ ಹಾಗೆ ಕೂತು ಎರಡನ್ನೂ ದೂರ ಇಡುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಸರದ ಬಾಗು: ಗಂಟು ಇರುವಲ್ಲೆಲ್ಲ ಸರ ಸಲೀಸಾಗಿ ಮಡಿಯುತ್ತದೆ, ಕೊರಳಿಗೆ ಒಪ್ಪಿ ಬೀಳುತ್ತದೆ.

ಹವ್ಯಾಸಕ್ಕಾಗಿ ಮಣಿಸರ ಮಾಡಲು ಕೂತವರು ಮೊದಲು ಮಣಿ ಕೊಳ್ಳುತ್ತಾರೆ, ಆಮೇಲೆ ಮನೆಯಲ್ಲಿ ಸಿಕ್ಕ ದಾರ ತೆಗೆದುಕೊಳ್ಳುತ್ತಾರೆ, ಗಂಟಿನ ಬಗ್ಗೆ ಕೊನೆಗೆ ಯೋಚಿಸುತ್ತಾರೆ. ಕೆಡುವುದು ಇಲ್ಲೇ. ಮಣಿಯ ತೂತು, ದಾರದ ದಪ್ಪ, ಗಂಟಿನ ಗಾತ್ರ ಈ ಮೂರೂ ಒಂದಕ್ಕೊಂದು ಹೊಂದಿದರೆ ಸಾಧಾರಣ ಮಣಿಯೂ ಚೆಂದ ಕಾಣುತ್ತದೆ. ಹೊಂದದಿದ್ದರೆ ದುಬಾರಿ ಮುತ್ತು ಕೂಡ ಆರು ತಿಂಗಳಲ್ಲಿ ಜೋಲುಬೀಳುತ್ತದೆ.

ತೂತು ನೋಡಿ ದಾರ ಆರಿಸುವುದು

ಬಿಗಿಯಾಗಿ ಎಳೆದ ಒಂಟಿ ಗಂಟು ದಾರದ ದಪ್ಪದ ಎರಡೂವರೆಯಿಂದ ಮೂರು ಪಟ್ಟು ಅಗಲವಾಗಿರುತ್ತದೆ. ಎಲ್ಲ ಲೆಕ್ಕವೂ ಇದರಿಂದ ಹೊರಡುತ್ತದೆ. ಸಿಹಿನೀರಿನ ಮುತ್ತಿನ ತೂತು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಅದಕ್ಕೆ 0.3 ಮಿಲಿಮೀಟರಿನ ದಾರ ಹಾಕಿದರೆ ಗಂಟು 0.8ರ ಆಸುಪಾಸು ಬರುತ್ತದೆ, ತೂತಿನ ಬಾಯಲ್ಲಿ ನಿಲ್ಲದೆ ಒಳಗೆ ನುಸುಳುತ್ತದೆ. ಅದೇ ತೂತಿಗೆ 0.6ರ ದಾರ ಹಾಕಿದರೆ ಗಂಟು ಒಂದೂವರೆ ಮಿಲಿಮೀಟರಿಗೆ ಬೆಳೆದು ಬಾಯಿಗೆ ಅಡ್ಡಲಾಗಿ ಕೂರುತ್ತದೆ, ದಾರವೂ ತೂತನ್ನು ತುಂಬಿಕೊಳ್ಳುವುದರಿಂದ ಮುತ್ತು ಅಲ್ಲಾಡುವುದಿಲ್ಲ. ತೂತಿನೊಳಗೆ ಸಡಿಲವಾಗಿ ಓಡಾಡುವ ದಾರ ಗರಗಸದ ಹಾಗೆ ತನ್ನನ್ನು ತಾನೇ ಕೊಯ್ದುಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಮಣಿ ಪೋಣಿಸಲೆಂದೇ ಹುರಿ ಮಾಡಿದ ರೇಷ್ಮೆ ದಾರಕ್ಕೆ ನಂಬರುಗಳಿವೆ. ಜರ್ಮನಿಯ ಗ್ರಿಫಿನ್ ಕಂಪನಿಯ ಲೆಕ್ಕದಲ್ಲಿ 2ನೇ ನಂಬರು 0.45, 4ನೇ ನಂಬರು 0.60, 6ನೆಯದು 0.70, 8ನೆಯದು 0.80 ಮಿಲಿಮೀಟರ್. 2 ಮೀಟರ್ ದಾರ ರಟ್ಟಿನ ಕಾರ್ಡಿಗೆ ಸುತ್ತಿ ಬರುತ್ತದೆ, ತುದಿಗೆ ತಿರುಚಿದ ತಂತಿಯ ಸೂಜಿ ಸೇರಿಕೊಂಡೇ ಇರುತ್ತದೆ. ಸೂಜಿ ಇಲ್ಲದ ದಾರ ಸಿಕ್ಕರೆ ತುದಿಯ ಎರಡು ಅಂಗುಲಕ್ಕೆ ಉಗುರುಬಣ್ಣ ಸವರಿ, ಬೆರಳಲ್ಲಿ ಹೊಸೆದು, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿಯಾಗುತ್ತದೆ.

ಸೀರೆಗೆ ಕುಚ್ಚು ಹಾಕಿ ರೂಢಿಯಿರುವವರಿಗೆ ಈ ಕೆಲಸಕ್ಕೆ ಬೇಕಾದ ಕೈಚಳಕ ಅರ್ಧ ಬಂದೇ ಇರುತ್ತದೆ. ಆದರೆ ಕುಚ್ಚಿನ ದಾರವನ್ನು ಮಾತ್ರ ಇಲ್ಲಿಗೆ ತರಬೇಡಿ. ಅಂಗಡಿಯಲ್ಲಿ ಸಿಲ್ಕ್ ಥ್ರೆಡ್ ಎಂದು ಉರುಳೆಯಲ್ಲಿ ಸಿಗುವುದು ಬಹುಪಾಲು ಕೃತಕ ರೇಷ್ಮೆ. ಹೊಳಪು ಹೆಚ್ಚು, ಹುರಿ ಕಡಿಮೆ; ತೂತಿನೊಳಗೆ ನಾಲ್ಕು ಸಲ ಓಡಾಡುವಷ್ಟರಲ್ಲಿ ಎಳೆ ಬಿಚ್ಚಿ ನಾರುನಾರಾಗುತ್ತದೆ. ಅನುಮಾನ ಬಂದರೆ ಒಂದು ತುಂಡನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಕಾಗದದ ವಾಸನೆ ಬಂದು ಸರಸರನೆ ಉರಿದರೆ ರೇಯಾನ್. ಕರಗಿ ಗಟ್ಟಿ ಗುಂಡಾದರೆ ನೈಲಾನ್ ಅಥವಾ ಪಾಲಿಯೆಸ್ಟರ್.

ನೈಲಾನ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ದಿನವೂ ಹಾಕುವ, ಬೆವರು ತಾಗುವ ಕಲ್ಲಿನ ಸರಕ್ಕೆ ನೈಲಾನೇ ಮೇಲು, ಏಕೆಂದರೆ ರೇಷ್ಮೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಮುತ್ತಿಗೆ ಮಾತ್ರ ರೇಷ್ಮೆಯ ಸಾಟಿ ಇನ್ನೊಂದಿಲ್ಲ. ಅದರ ಗಂಟು ಹತ್ತಿಯ ಉಂಡೆಯಂತೆ ಒತ್ತಿ ಕೂರುತ್ತದೆ, ಸರ ನೀರಿನ ಹಾಗೆ ಇಳಿಯುತ್ತದೆ.

ಯಾವ ದಾರವಾದರೂ ಮೊದಲು ಎಳೆದು ಹಿಗ್ಗಿಸಬೇಕು. ಸ್ವಲ್ಪ ತೇವ ಮಾಡಿ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಗೆ ಬೀಗದ ಕೈಗಳ ಗೊಂಚಲು ಇಳಿಬಿಟ್ಟು ಒಂದು ರಾತ್ರಿ ಬಿಡಿ. ಈ ಹಿಗ್ಗು ಕೊರಳಲ್ಲಿ ಆದರೆ ಮಣಿಗಳ ನಡುವೆ ಬರಿ ದಾರ ಇಣುಕುತ್ತದೆ. ಚಿಲಕದಲ್ಲೇ ಆಗಿ ಮುಗಿಯಲಿ.

ನಲವತ್ತೈದು ಸೆಂಟಿಮೀಟರಿನ ಒಂದು ಸರ

6 ಮಿಲಿಮೀಟರಿನ ಮುತ್ತು, 4ನೇ ನಂಬರಿನ ರೇಷ್ಮೆ, ಒಟ್ಟು ಉದ್ದ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೊಂಡಿಗೆ 2 ಸೆಂಟಿಮೀಟರ್ ಕಳೆದರೆ 430 ಮಿಲಿಮೀಟರ್ ಉಳಿಯಿತು. ಬಿಗಿದ ಗಂಟು ಅಗಲದಲ್ಲಿ ಒಂದೂವರೆ ಇದ್ದರೂ ತೂತಿನ ಬಾಯೊಳಕ್ಕೆ ತುಸು ಒತ್ತಿಕೊಳ್ಳುವುದರಿಂದ ಉದ್ದಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಸೇರಿಸುತ್ತದೆ. ಹಾಗಾಗಿ ಒಂದು ಮುತ್ತು, ಒಂದು ಗಂಟು ಸೇರಿ 7. ಭಾಗಿಸಿದರೆ 61 ಮುತ್ತು. ಗಂಟಿಲ್ಲದೆ ಪೋಣಿಸಿದ್ದರೆ 71 ಬೇಕಾಗುತ್ತಿತ್ತು. ಗಂಟಿನ ಸರಕ್ಕೆ ಮುತ್ತು ಕಡಿಮೆ, ದಾರ ಹೆಚ್ಚು: ಪ್ರತಿ ಗಂಟೂ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ದಾರ ನುಂಗುತ್ತದೆ. ಸರದ ಉದ್ದದ ಎರಡು ಪಟ್ಟು, ಎರಡೂ ತುದಿಗೆ ಗೇಣುದ್ದ ಬಾಲ, ಇಷ್ಟಿದ್ದರೆ ಆಯಿತು. 2 ಮೀಟರಿನ ಒಂದು ಕಾರ್ಡು ಧಾರಾಳವಾಗಿ ಸಾಕು. 108 ಮಣಿಯ ಜಪಮಾಲೆಯಾದರೆ, 8 ಮಿಲಿಮೀಟರಿನ ಮಣಿಗೆ ಮಾಲೆಯೇ ಒಂದು ಮೀಟರಿನ ಹತ್ತಿರ ಬರುತ್ತದೆ. 3 ಮೀಟರ್ ದಾರವನ್ನು ಒಂದೇ ತುಂಡಾಗಿ ಇಟ್ಟುಕೊಳ್ಳಬೇಕು, ನಡುವೆ ಕೂಡಿಸಿದ ದಾರ ಎಂದಿದ್ದರೂ ಕಾಣುತ್ತದೆ.

ತಟ್ಟೆಯಲ್ಲಿ ಮುತ್ತು ಉರುಳುತ್ತದೆ. ದಪ್ಪ ಟವೆಲನ್ನು ಮಡಿಸಿ, ಆ ಮಡಿಕೆಯ ಸಾಲಿನಲ್ಲಿ ದೊಡ್ಡದು ನಡುವಿಗೆ, ಚಿಕ್ಕವು ಅಂಚಿಗೆ ಬರುವಂತೆ ಜೋಡಿಸಿ. ಎರಡೂ ತುದಿಯ ಮೂರು ಮೂರು ಮುತ್ತುಗಳನ್ನು ಬೇರೆ ಎತ್ತಿಡಿ. ಇವುಗಳೊಳಗೆ ದಾರ ಎರಡು ಸಲ ಹಾಯಬೇಕು, ಆದ್ದರಿಂದ ತೂತನ್ನು 1 ಮಿಲಿಮೀಟರಿಗೆ ಅಗಲ ಮಾಡಬೇಕು. ವಜ್ರದ ಪುಡಿ ಲೇಪಿಸಿದ ಸಣ್ಣ ಅರ ಸಿಗುತ್ತದೆ. ಮುತ್ತನ್ನು ನೀರಿನೊಳಗೇ ಹಿಡಿದು, ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಉಜ್ಜಬೇಕು. ಒಣಗಿದ ಮುತ್ತನ್ನು ಉಜ್ಜಿದರೆ ಬಿಸಿಯೇರಿ ಬಿರುಕು ಬಿಡಬಹುದು, ಎದ್ದ ಪುಡಿ ಶ್ವಾಸಕ್ಕೂ ಒಳ್ಳೆಯದಲ್ಲ.

ಶುರು ಹೀಗೆ. ಮೂರು ಮುತ್ತು ಪೋಣಿಸಿ, ಹಿಂದೆಯೇ 6 ಮಿಲಿಮೀಟರ್ ಉದ್ದದ ತಂತಿಸುರುಳಿ, ಆಮೇಲೆ ಕೊಂಡಿ. ತಂತಿಸುರುಳಿ ಎಂದರೆ ಕೂದಲೆಳೆಯಂಥ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿದ್ದು. ಕೊಂಡಿಯ ಲೋಹ ದಾರವನ್ನು ಕೊಯ್ಯದಂತೆ ಅದು ಕವಚವಾಗುತ್ತದೆ. ಆರಿ ಕಸೂತಿಯವರು ರವಿಕೆಗೆ ಹೊಲಿಯುವ ಜರ್ದೋಸಿ ಸುರುಳಿಯ ಕಟ್ಟೋಣವೂ ಇದೇ, ತೆಳುವಾದ ಮೃದು ಸುರುಳಿ ಸಿಕ್ಕರೆ ಇಲ್ಲಿಗೆ ಸಲ್ಲುತ್ತದೆ. ಬೆಂಗಳೂರಿನ ಮಾಮೂಲುಪೇಟೆಯಂಥ ಕಡೆ ಮಣಿ, ದಾರ, ಕೊಂಡಿ, ಜರ್ದೋಸಿ ಎಲ್ಲ ಒಂದೇ ಸಾಲಿನಲ್ಲಿ ದೊರೆಯುತ್ತವೆ.

ಈಗ ಸೂಜಿಯನ್ನು ಕೊಂಡಿಗೆ ಹತ್ತಿರದ ಮುತ್ತಿನೊಳಗೆ ವಾಪಸು ತೂರಿಸಿ ಎಳೆಯಿರಿ. ಸುರುಳಿ ಬಾಗಿ ಕೊಂಡಿಯ ಸುತ್ತ ಪುಟ್ಟ ಉಂಗುರವಾಗುತ್ತದೆ. ಬಾಲದ ದಾರದ ಮೇಲೆ ಸೂಜಿಯ ದಾರದಿಂದ ಒಂದು ಗಂಟು, ಎರಡನೇ ಮುತ್ತಿನೊಳಗೆ ಹಾಯಿಸಿ ಇನ್ನೊಂದು ಗಂಟು, ಮೂರನೆಯದರ ಆಚೆ ಮತ್ತೊಂದು. ಅಲ್ಲಿಗೆ ಬಾಲದ ಕೆಲಸ ಮುಗಿಯಿತು, ಉಳಿದ ಮುತ್ತುಗಳನ್ನೆಲ್ಲ ಒಟ್ಟಿಗೆ ಪೋಣಿಸಿಕೊಳ್ಳಬಹುದು.

ಇನ್ನು ನಡುವಿನ ಗಂಟು. ಬೇಕಾದದ್ದು ಒಂದು ದಬ್ಬಣ. ಗೋಣಿ ಹೊಲಿಯುವ ದಬ್ಬಣವಲ್ಲ, ಅದಕ್ಕಿಂತ ತೆಳುವಾದದ್ದು. ಮೊನೆಯನ್ನು ಮರಳುಕಾಗದದಲ್ಲಿ ಉಜ್ಜಿ ಮೊಂಡು ಮಾಡಿರಬೇಕು, ಚೂಪಾಗಿದ್ದರೆ ದಾರದ ಎಳೆಯೊಳಗೇ ಇಳಿಯುತ್ತದೆ. ಒಂದು ಮುತ್ತನ್ನು ಹಿಂದಿನ ಗಂಟಿಗೆ ಒತ್ತಿ ಹಿಡಿಯಿರಿ. ಅದರ ಮುಂದಿನ ದಾರವನ್ನು ಎಡಗೈಯ ತೋರುಬೆರಳು, ನಡುಬೆರಳಿಗೆ ಒಂದು ಸುತ್ತು ಹಾಕಿ ಸಡಿಲ ಕುಣಿಕೆ ಮಾಡಿ. ಕೊಂಡಿಯ ಕಡೆಯ, ಆಗಲೇ ಗಂಟು ಬಿದ್ದ ಸರವನ್ನು ಆ ಕುಣಿಕೆಯೊಳಗೆ ಇಳಿಬಿಡಿ. ಕುಣಿಕೆಯೊಳಗೆ ದಬ್ಬಣ ಇಟ್ಟು, ಮೊನೆ ಮುತ್ತಿನ ತೂತಿಗೆ ತಾಗುವವರೆಗೆ ಜಾರಿಸಿ ತನ್ನಿ. ದಾರ ಎಳೆದಂತೆ ಕುಣಿಕೆ ದಬ್ಬಣದ ಮೇಲೆ ಮುಚ್ಚಿಕೊಳ್ಳುತ್ತದೆ, ಆದರೆ ದಬ್ಬಣ ಒಳಗಿರುವ ತನಕ ಅದು ಗಂಟಲ್ಲ, ಎತ್ತ ಬೇಕಾದರೂ ಸರಿಯುತ್ತದೆ. ಹೆಬ್ಬೆರಳ ಉಗುರನ್ನು ಅದರ ಬೆನ್ನಿಗೆ ಕೊಟ್ಟು ಮುತ್ತಿನತ್ತ ದೂಡುತ್ತ, ದಬ್ಬಣವನ್ನು ಮೆಲ್ಲನೆ ಹೊರಕ್ಕೆ ಎಳೆಯಿರಿ. ದೂಡುವುದೂ ಎಳೆಯುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ದಬ್ಬಣ ಮೊದಲು ಬಂದುಬಿಟ್ಟರೆ ಗಂಟು ಮುತ್ತಿನಿಂದ ಅರ್ಧ ಮಿಲಿಮೀಟರ್ ದೂರ ಬೀಳುತ್ತದೆ. ಒಂದು ಗಂಟಿಗೆ ಅರ್ಧ ಏನೂ ಅಲ್ಲ ಅನ್ನಿಸಬಹುದು. 60 ಗಂಟಿಗೆ ಅದು 3 ಸೆಂಟಿಮೀಟರ್ ಬರಿ ದಾರ.

ಬೇರೆ ಕಡೆ ಬಿದ್ದ ಗಂಟನ್ನು ಬಿಚ್ಚಲು ಎರಡು ಸೂಜಿಗಳ ಮೊನೆಯನ್ನು ಗಂಟಿನೊಳಗೆ ಎದುರುಬದುರಾಗಿ ಇಳಿಸಿ ಅಗಲಿಸಿ. ರೇಷ್ಮೆ ಇದನ್ನು ಒಂದು ಸಲ ಸಹಿಸುತ್ತದೆ. ಅದೇ ಜಾಗದಲ್ಲಿ ಎರಡನೇ ಸಲವೂ ತಪ್ಪಿದರೆ ಎಳೆ ನವೆದಿರುತ್ತದೆ, ಅಂಥ ದಾರವನ್ನು ಉಳಿಸಿಕೊಳ್ಳುವುದು ತರವಲ್ಲ. ಮೊದಲ ಸರವನ್ನು ಅಗ್ಗದ ಗಾಜಿನ ಮಣಿಯಲ್ಲಿ ಮಾಡಿ ಅನ್ನುವುದು ಇದಕ್ಕೇ; ಗಂಟು ಒಂದೇ ಸಮ ಬೀಳಲು ಕೈಗೆ ಇಪ್ಪತ್ತು ಮೂವತ್ತು ಗಂಟುಗಳ ರೂಢಿ ಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಸಡಿಲವಾದೀತೆಂದು ಹೆದರಿ ಪ್ರತಿ ಗಂಟನ್ನೂ ಜಗ್ಗಿ ಎಳೆದರೆ ಸರ ಕಡ್ಡಿಯಾಗುತ್ತದೆ. ಹತ್ತು ಮುತ್ತು ಮುಗಿದ ಮೇಲೆ ಒಂದು ತುದಿ ಹಿಡಿದು ಅಡ್ಡಲಾಗಿ ಚಾಚಿ ನೋಡಿ. ತಾನಾಗಿ ಬಾಗಿ ಇಳಿಬಿದ್ದರೆ ಸರಿ. ಮೊಂಡಾಗಿ ನಿಂತರೆ ಕೊರಳಲ್ಲೂ ಹಾಗೇ ನಿಂತು ಅಲ್ಲಲ್ಲಿ ಮೂಲೆ ಬೀಳುತ್ತದೆ. ಆಗ ಹಿಡಿತವನ್ನು ತುಸು ಹಗುರ ಮಾಡಿಕೊಳ್ಳಬೇಕು.

ಕೊನೆಯ ಮೂರು ಮುತ್ತುಗಳ ನಡುವೆ ಗಂಟು ಹಾಕದೆ, ಗಂಟಿಗೆ ಬೇಕಾದಷ್ಟು ಜಾಗ ಬಿಟ್ಟು, ಸುರುಳಿ ಮತ್ತು ಕೊಂಡಿ ಏರಿಸಿ, ಮೊದಲಿನಂತೆಯೇ ವಾಪಸು ಬನ್ನಿ. ಈ ಜಾಗ ಬಿಡಲು ಮರೆಯುವುದು ತೀರ ಸಾಮಾನ್ಯ. ಮರೆತರೆ ಕೊನೆಯಲ್ಲಿ ಗಂಟು ಹಾಕಲು ಎಡೆಯೇ ಇರುವುದಿಲ್ಲ, ಅಥವಾ ಗಂಟು ಹಾಕಿದಾಗ ಸುರುಳಿ ಜಜ್ಜಿಹೋಗುತ್ತದೆ. ಕೊನೆಯ ಗಂಟಿಗೆ ಸೂಜಿಯ ಮೊನೆಯಲ್ಲಿ ಒಂದು ಚುಕ್ಕೆ ಉಗುರುಬಣ್ಣ ಅಥವಾ ವಾಚಿನ ಗಾಜು ಕೂರಿಸುವ ಅಂಟು ಸಾಕು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬಗೆಯ ಅಂಟು ಬೇಡ. ಅದು ದಾರದೊಳಗೆ ಇಂಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವಲ್ಲಿ ದಾರ ಮುರಿದ ಹಾಗೆ ತುಂಡಾಗುತ್ತದೆ. ಅದರ ಆವಿ ಪಕ್ಕದ ಮಣಿಗಳ ಮೇಲೆ ಬಿಳಿ ಮಬ್ಬನ್ನೂ ಹರಡುತ್ತದೆ.

ಚೌಕ ಗಂಟು ತಿರುಚಿಕೊಳ್ಳುವುದೇಕೆ

ಕೈಗೆ ಕಟ್ಟುವ ಹೆಣೆದ ಪಟ್ಟಿಗಳಲ್ಲಿ ಬರುವುದು ಚೌಕ ಗಂಟು. ಇಲ್ಲಿ ಮಣಿಯೊಳಗೆ ಹಾಯುವ ನಡುದಾರ ಸುಮ್ಮನೆ ನಿಂತಿರುತ್ತದೆ, ಎರಡು ಪಕ್ಕದ ದಾರಗಳು ಅದನ್ನು ಸುತ್ತಿ ಗಂಟಾಗುತ್ತವೆ. ಶುರುಮಾಡಿದವರಿಗೆಲ್ಲ ಬರುವ ತೊಂದರೆ ಒಂದೇ: ಪಟ್ಟಿ ಚಪ್ಪಟೆಯಾಗಿ ಬರುವ ಬದಲು ತಿರುಪಿನ ಮೆಟ್ಟಿಲಿನಂತೆ ಸುತ್ತಿಕೊಂಡು ಹೋಗುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಎಂದು ಹೇಳಿಕೊಟ್ಟರೂ ಫೋನು ಬಂದು ಎದ್ದುಹೋದರೆ ಮರಳಿ ಕೂತಾಗ ಯಾವ ಕಡೆಯ ಸರದಿ ಎಂಬುದು ಮರೆತಿರುತ್ತದೆ.

ಪಕ್ಕದ ದಾರಗಳಿಗೆ ಎರಡು ಬಣ್ಣ ಕೊಟ್ಟರೆ ಗುಟ್ಟು ಬಯಲಾಗುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇಡಿ. ಕೆಂಪು ನಡುದಾರದ ಮೇಲಿಂದ ಬಲಕ್ಕೆ ಹೋಗಿ ಹಸಿರಿನ ಕೆಳಗೆ ನಿಲ್ಲಲಿ. ಹಸಿರು ನಡುದಾರದ ಕೆಳಗಿಂದ ಎಡಕ್ಕೆ ಬಂದು ಕೆಂಪಿನ ಕುಣಿಕೆಯೊಳಗಿಂದ ಮೇಲೇಳಲಿ. ಎಳೆಯಿರಿ, ಅರ್ಧ ಗಂಟಾಯಿತು. ಈಗ ಕೆಂಪು ಬಲಕ್ಕಿದೆ. ಮುಂದಿನ ಅರ್ಧಕ್ಕೂ ಮೇಲಿಂದ ಹೋಗಬೇಕಾದದ್ದು ಕೆಂಪೇ, ಈ ಸಲ ಬಲದಿಂದ ಎಡಕ್ಕೆ. ಚಪ್ಪಟೆ ಪಟ್ಟಿಯಲ್ಲಿ ಯಾವಾಗಲೂ ಒಂದೇ ಬಣ್ಣ ಮೇಲೆ ನಡೆಯುತ್ತದೆ, ಇನ್ನೊಂದು ಯಾವಾಗಲೂ ಕೆಳಗೆ. ಬಣ್ಣ ನೋಡದೆ ಪ್ರತಿ ಸಲವೂ ಎಡದ್ದನ್ನೇ ಮೇಲೆ ಹಾಕುತ್ತ ಹೋದರೆ ಕೆಂಪು ಒಮ್ಮೆ, ಹಸಿರು ಒಮ್ಮೆ ಮೇಲಾಗುತ್ತದೆ. ಗಂಟಿನ ಓರೆ ಒಂದೇ ದಿಕ್ಕಿಗೆ ಕೂಡುತ್ತ ಕೂಡುತ್ತ ಪಟ್ಟಿ ತಿರುಚಿಕೊಳ್ಳುತ್ತದೆ. ಬೇಕೆಂದೇ ಹಾಗೆ ಮಾಡಿದರೆ ಅದೂ ಒಂದು ಅಂದದ ವಿನ್ಯಾಸ.

16 ಸೆಂಟಿಮೀಟರ್ ಮಣಿಕಟ್ಟಿಗೆ 8 ಮಿಲಿಮೀಟರಿನ ಒಂಬತ್ತು ಮಣಿ, 0.8ರ ನೈಲಾನ್ ನಡುದಾರ 60 ಸೆಂಟಿಮೀಟರ್, ಪಕ್ಕದ ದಾರ 1 ಮಿಲಿಮೀಟರಿನದು, ಒಂದೊಂದು 1 ಮೀಟರ್. ಗಂಟು ಹಾಕಿದ ಪಟ್ಟಿಯ ಆರೇಳು ಪಟ್ಟು ದಾರ ಪ್ರತಿ ಪಕ್ಕಕ್ಕೂ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ. ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡು ಈ ಕೆಲಸಕ್ಕೆ ಹೇಳಿಮಾಡಿಸಿದ್ದು: ನಡುದಾರದ ಮೇಲ್ತುದಿ ಕ್ಲಿಪ್ಪಿನಲ್ಲಿ, ಕೆಳತುದಿ ಅಂಟುಪಟ್ಟಿಯಲ್ಲಿ. ನಡುದಾರ ಬಿಗಿಯಾಗಿ ನಿಂತಿದ್ದರೆ ಮಾತ್ರ ಗಂಟು ಒಂದೇ ಅಳತೆಗೆ ಬರುತ್ತದೆ. ಎರಡು ಸೆಂಟಿಮೀಟರ್ ಚೌಕ ಗಂಟು, ಆಮೇಲೆ ಮಣಿ, ಒಂದು ಗಂಟು, ಮಣಿ ಎನ್ನುತ್ತ ಹೋಗಿ, ಕೊನೆಗೆ ಮತ್ತೆ ಎರಡು ಸೆಂಟಿಮೀಟರ್ ಗಂಟು.

ಮುಚ್ಚಲು ಕೊಂಡಿ ಬೇಡ. ನಡುದಾರದ ಎರಡು ತುದಿಗಳನ್ನು ಎದುರುಬದುರಾಗಿ ಒಂದರ ಮೇಲೊಂದು ಇಟ್ಟು, 40 ಸೆಂಟಿಮೀಟರಿನ ಬೇರೆ ತುಂಡಿನಿಂದ ಅವೆರಡರ ಮೇಲೆ ಐದಾರು ಚೌಕ ಗಂಟು ಹಾಕಿದರೆ ಜಾರುವ ಬೀಗವಾಗುತ್ತದೆ. ತುದಿಗಳನ್ನು ಕತ್ತರಿಸಿ ಸುಡುವ ಮುಂಚೆ ಎಳೆದು ನೋಡಿ. ಕಷ್ಟಪಟ್ಟು ಜಾರಬೇಕು, ಆದರೆ ಜಾರಬೇಕು. ಸುಡುವಾಗ ಲೈಟರಿನ ಬುಡದ ನೀಲಿ ಉರಿ ಸಾಕು. ಕರಗಿದ ನೈಲಾನನ್ನು ಬೆರಳಲ್ಲಿ ಒತ್ತಲೇಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ. ಚಮಚದ ಬೆನ್ನು ಬಳಸಿ.

ಚನ್ನಪಟ್ಟಣದ ಮಣಿ, ಕರಿಮಣಿ

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ಹಗುರ, ಎಷ್ಟು ಉದ್ದದ ಸರ ಮಾಡಿದರೂ ಕೊರಳಿಗೆ ಭಾರವಿಲ್ಲ. ತೂತು ಮಾತ್ರ ದೊಡ್ಡದು, 2 ಮಿಲಿಮೀಟರ್ ಅಥವಾ ಹೆಚ್ಚು. ಮೇಣದ ಹತ್ತಿದಾರ 1 ಮಿಲಿಮೀಟರಿನದು ಹೊಂದುತ್ತದೆ. ಗಂಟು ಸಾಲದೆ ಒಳಗೆ ನುಸುಳಿದರೆ ಒಂದರ ಮೇಲೊಂದು ಇನ್ನೊಂದು ಗಂಟು ಹಾಕಿ ಫಲವಿಲ್ಲ, ಎರಡನೆಯದು ಪಕ್ಕಕ್ಕೆ ಕೂರುತ್ತದೆ, ಅಗಲ ಬೆಳೆಯುವುದಿಲ್ಲ. ಒಂದೇ ಕುಣಿಕೆಯೊಳಗೆ ತುದಿಯನ್ನು ಎರಡು ಸಲ ತೂರಿಸಿ ಎಳೆದರೆ ದಪ್ಪ ಗಂಟು ಬರುತ್ತದೆ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ. ಹಾಗಾಗಿ ಇದರ ಪಕ್ಕದಲ್ಲಿ ನೈಲಾನ್ ತುದಿ ಸುಡುವುದು ಬೇಡ, ಸೆಂಟು ಹೊಡೆದುಕೊಂಡ ಕೂಡಲೇ, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಈ ಸರ ಮುಟ್ಟುವುದೂ ಬೇಡ.

ಕರಿಮಣಿಯಂಥ 2 ಮಿಲಿಮೀಟರಿನ ಸಣ್ಣ ಗಾಜಿನ ಮಣಿಗೆ ನಡುನಡುವೆ ಗಂಟು ಹಾಕುವುದಿಲ್ಲ. ಹಾಕಿದರೆ ಮಣಿಗಿಂತ ಗಂಟೇ ಹೆಚ್ಚು ಕಾಣುತ್ತದೆ. ಒಂದೆರಡು ಅಂಗುಲಕ್ಕೊಂದು ಗಂಟಿದ್ದರೆ ಹರಿದಾಗ ಇಡೀ ಸರ ಚೆಲ್ಲುವುದು ತಪ್ಪುತ್ತದೆ. ಗಾಜಿನ ಮಣಿಯ ಅಪಾಯ ತೂತಿನ ಅಂಚಿನಲ್ಲಿದೆ. ಒಡೆದ ಅಂಚು ಬ್ಲೇಡಿನಂತೆ ದಾರ ಕೊಯ್ಯುತ್ತದೆ, ಆದ್ದರಿಂದ ಮೊದಲೇ ಸೂಜಿಯಲ್ಲಿ ಆಡಿಸಿ ನೋಡಿ ಅಂಥವನ್ನು ಆರಿಸಿ ಬಿಸಾಡಬೇಕು. ಒಡವೆಗೆ ರೇಷ್ಮೆದಾರ ಕಟ್ಟುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ಪಟವೇಗಾರರು ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ಎರಡೂ ಕೈಯನ್ನು ಗಂಟಿಗೆ ಬಿಟ್ಟುಕೊಳ್ಳುತ್ತಾರೆ. ಪ್ಯಾಡಿನ ಕ್ಲಿಪ್ಪು ಮಾಡುವ ಕೆಲಸವೂ ಅದೇ. ಕಾಲಿಗೆ ದಾರದ ಬಿಗಿ ತಿಳಿಯುತ್ತದೆ, ಕ್ಲಿಪ್ಪಿಗೆ ತಿಳಿಯುವುದಿಲ್ಲ ಎಂಬ ವ್ಯತ್ಯಾಸ ದೊಡ್ಡದು.

ಬಿಚ್ಚಿ ಮತ್ತೆ ಪೋಣಿಸುವುದು

ರೇಷ್ಮೆಯ ಸರವನ್ನು ಕೊಬ್ಬರಿ ಎಣ್ಣೆ, ಪೌಡರು, ಸೆಂಟು ಎಲ್ಲ ಹಚ್ಚಿಕೊಂಡ ಮೇಲೆ ಕೊನೆಗೆ ಹಾಕಬೇಕು, ಎಲ್ಲಕ್ಕಿಂತ ಮೊದಲು ತೆಗೆಯಬೇಕು. ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಅಡ್ಡಲಾಗಿ ಮಲಗಿಸಿ. ಮೊಳೆಗೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಹಿಗ್ಗುತ್ತದೆ. ಆಗಾಗ ಹಾಕುವ ಮುತ್ತಿನ ಸರವನ್ನು ಒಂದೆರಡು ವರ್ಷಕ್ಕೊಮ್ಮೆ ಹೊಸದಾಗಿ ಪೋಣಿಸಬೇಕಾಗುತ್ತದೆ. ಗಂಟು ಕಪ್ಪಾಗಿದ್ದರೆ, ಮುತ್ತು ಎರಡು ಗಂಟುಗಳ ನಡುವೆ ಹಿಂದೆ ಮುಂದೆ ಸರಿದಾಡಿದರೆ, ಕೊಂಡಿಯ ಪಕ್ಕದ ಸುರುಳಿಯ ಸಂದಿನಲ್ಲಿ ದಾರದ ನಾರು ಇಣುಕಿದರೆ ಆ ಹೊತ್ತು ಬಂದಿದೆ ಎಂದರ್ಥ. ಬಿಚ್ಚುವಾಗ ಮೊದಲು ಸರದ ಉದ್ದ ಅಳೆದು ಬರೆದಿಡಿ. ಟವೆಲಿನ ಮಡಿಕೆಯಲ್ಲಿ ಮಲಗಿಸಿ, ಒಂದು ತುದಿಯಿಂದ ಒಂದೊಂದೇ ಗಂಟನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಕತ್ತರಿಯ ಬಾಯಿ ಮುತ್ತಿಗೆ ತಾಗದಂತೆ. ಬಿಡಿಸಿದ ಮುತ್ತನ್ನು ಅದೇ ಸಾಲಿನಲ್ಲಿ, ಅದೇ ಅನುಕ್ರಮದಲ್ಲಿ ಬಿಡಿ. ತೂತಿನೊಳಗೆ ಉಳಿದ ದಾರದ ಚೂರನ್ನು ಎಳೆದು ತೆಗೆಯದೆ, ತೆಳು ಸೂಜಿಯಿಂದ ಆಚೆ ತುದಿಗೆ ದೂಡಿ ಹೊರಹಾಕಬೇಕು.